ಒಂದೇ ದೇಹದಲ್ಲಿ ಎರಡು ನೋವು: ಕಿರುಛೇದನ ಬೆನ್ನುಮೂಳೆ ಶಸ್ತ್ರಚಿಕಿತ್ಸೆಯ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ರೋಗಿ 44 ವರ್ಷದ ಮಹಿಳೆ, ವೃತ್ತಿಯಿಂದ ಗ್ರಂಥಪಾಲಕಿ. ಆರು ವರ್ಷಗಳಿಂದ ಬಂದು ಹೋಗುತ್ತಿದ್ದ ಸೊಂಟನೋವಿನ ಜೊತೆಗೆ ಐದು ತಿಂಗಳಿಂದ ಎಡಗಾಲಿಗೆ ಇಳಿಯುವ ತೀವ್ರ ನೋವು ಸೇರಿಕೊಂಡಿತ್ತು. ಸಣ್ಣ ಗಾಯದ ಆಪರೇಷನ್ ಮಾಡಿಸಿಕೊಂಡರೆ ಬೆನ್ನು ನೋವಿನಿಂದ ಪೂರ್ತಿ ಬಿಡುಗಡೆ ಸಿಗುತ್ತದೆ ಎಂಬ ನಿರೀಕ್ಷೆಯನ್ನು ಹೊತ್ತು ಅವರು ಬಂದಿದ್ದರು. ಆ ನಿರೀಕ್ಷೆಯ ಅರ್ಧ ಭಾಗ ಸರಿಯಾಗಿತ್ತು, ಅರ್ಧ ಭಾಗ ತಪ್ಪಾಗಿತ್ತು. ಯಾವ ಅರ್ಧ ಸರಿ, ಯಾವ ಅರ್ಧ ತಪ್ಪು ಎಂಬುದನ್ನು ಚಾಕು ಹಿಡಿಯುವ ಮೊದಲೇ ಬಿಡಿಸಿ ಹೇಳಿದ್ದರಿಂದಲೇ ಚಿಕಿತ್ಸೆ ಅವರಿಗೆ ತೃಪ್ತಿ ಕೊಟ್ಟಿತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಬರಹದಲ್ಲಿ ಛೇದನದ ಅಳತೆಗಿಂತ ಆ ಬಿಡಿಸುವಿಕೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ನೋವಿನ ಇತಿಹಾಸ

ಹಳೆಯ ನೋವು ಸೊಂಟದ ನಡುಭಾಗದಲ್ಲಿತ್ತು. ಪುಸ್ತಕಗಳ ಕಟ್ಟನ್ನು ಎತ್ತಿದ ದಿನ, ಬಹಳ ಹೊತ್ತು ಕುಳಿತ ದಿನ ಅದು ಹೆಚ್ಚುತ್ತಿತ್ತು. ಒಂದೆರಡು ವಾರ ಕಾಡಿ ತಾನಾಗಿ ತಗ್ಗುತ್ತಿತ್ತು. ಬೆಳಿಗ್ಗೆ ಎದ್ದಾಗ ಬೆನ್ನು ಬಿಗಿದುಕೊಂಡಿರುವುದು, ಸ್ವಲ್ಪ ಓಡಾಡಿದ ಮೇಲೆ ಸಡಿಲವಾಗುವುದು ಅವರಿಗೆ ರೂಢಿಯಾಗಿ ಹೋಗಿತ್ತು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು, ಕ್ಯಾನ್ಸರ್‌ನ ಹಿನ್ನೆಲೆ, ದೀರ್ಘಕಾಲದ ಸ್ಟಿರಾಯ್ಡ್ ಸೇವನೆ, ಬಿದ್ದು ಪೆಟ್ಟಾದದ್ದು ಇವು ಯಾವುವೂ ಇರಲಿಲ್ಲ. ಈ ಬಗೆಯ ಸೊಂಟನೋವಿಗೆ ಇಂಥದೇ ಮೂಳೆ, ಇಂಥದೇ ಕೀಲು ಕಾರಣ ಎಂದು ಬೊಟ್ಟು ಮಾಡಿ ತೋರಿಸುವುದು ಬಹುತೇಕ ರೋಗಿಗಳಲ್ಲಿ ಸಾಧ್ಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನ ಸೊಂಟನೋವಿನಿಂದ ಬಳಲುತ್ತಿದ್ದರು, ಮತ್ತು ಅವರಲ್ಲಿ ಸುಮಾರು ಶೇ 90ರಷ್ಟು ಮಂದಿಯದು ನಿರ್ದಿಷ್ಟ ಕಾರಣ ಗುರುತಿಸಲಾಗದ ಈ ವರ್ಗದ ನೋವೇ.

ಹೊಸ ನೋವಿನ ಸ್ವಭಾವವೇ ಬೇರೆ. ಒಂದು ದಿನ ನೆಲದ ಮಟ್ಟದ ಕಪಾಟಿನಿಂದ ದಪ್ಪ ಸಂಪುಟಗಳನ್ನು ಎತ್ತಿ ಪಕ್ಕಕ್ಕೆ ತಿರುಗಿದಾಗ ಸೊಂಟದಲ್ಲಿ ಚಳುಕು ಹಿಡಿಯಿತು. ಎರಡು ದಿನ ಕಳೆಯುವಷ್ಟರಲ್ಲಿ ಸೊಂಟದ್ದು ಹಿಂದೆ ಸರಿದು, ಎಡ ಪಿರ್ರೆಯಿಂದ ತೊಡೆಯ ಹೊರಬದಿಯಲ್ಲಿ ಇಳಿದು, ಮೊಣಕಾಲನ್ನು ದಾಟಿ, ಪಾದದ ಮೇಲ್ಭಾಗದವರೆಗೆ ಸುಡುವಂಥ ನೋವು ಆವರಿಸಿತು. ಕೆಮ್ಮಿದರೆ, ಸೀನಿದರೆ ಕಾಲಿನುದ್ದಕ್ಕೂ ಮಿಂಚು ಹೊಡೆದಂತಾಗುತ್ತಿತ್ತು. ಕುಳಿತರೆ ಹತ್ತು ನಿಮಿಷವೂ ತಾಳುತ್ತಿರಲಿಲ್ಲ, ನಿಂತರೆ ಸ್ವಲ್ಪ ಸಮಾಧಾನ. ಇದಲ್ಲದೆ ಅವರು ನೋವೆಂದು ಎಣಿಸದೆ, ಮಾತಿನ ನಡುವೆ ಸುಮ್ಮನೆ ಹೇಳಿದ ಒಂದು ಸಂಗತಿಯಿತ್ತು: ಎಡಗಾಲಿನ ಚಪ್ಪಲಿ ನಡೆಯುವಾಗ ಕಳಚಿಹೋಗುತ್ತಿತ್ತು, ಕಳಚಿದ್ದು ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಗೊತ್ತಾಗುತ್ತಿತ್ತು. ಚಪ್ಪಲಿ ಹಿಡಿದಿಡಲು ಹೆಬ್ಬೆರಳಿಗೆ ಬಲ ಬೇಕು, ಕಳಚಿದ್ದು ತಿಳಿಯಲು ಪಾದದ ಚರ್ಮಕ್ಕೆ ಸ್ಪರ್ಶಜ್ಞಾನ ಬೇಕು; ಎರಡೂ ಒಟ್ಟಿಗೆ ಕುಂದಿವೆ ಎಂದರೆ ಸ್ನಾಯು ಸೆಳೆತದ ಮಾತು ಮುಗಿಯಿತು, ನರದ ಮಾತು ಶುರುವಾಯಿತು.

ಬರುವ ಹೊತ್ತಿಗೆ ಅವರು ಉರಿಯೂತ ಶಮನದ ಮಾತ್ರೆಗಳನ್ನು ನುಂಗಿದ್ದರು. ನರದ ನೋವಿಗೆ ಕೊಡುವ ಪ್ರೆಗಾಬಾಲಿನ್ ತೆಗೆದುಕೊಂಡು ದಿನವಿಡೀ ಮಂಪರಿನಲ್ಲಿದ್ದು ಬಿಟ್ಟುಬಿಟ್ಟಿದ್ದರು. ಸಯಾಟಿಕಾ, ಎಂದರೆ ಸೊಂಟದ ನರದಿಂದ ಕಾಲಿಗೆ ಇಳಿಯುವ ಈ ಬಗೆಯ ನೋವಿಗೆ ಈ ಔಷಧ ಪ್ಲಸೀಬೋಗಿಂತ (ಔಷಧವಿಲ್ಲದ ಹುಸಿಮಾತ್ರೆಗಿಂತ) ಹೆಚ್ಚೇನೂ ಮಾಡಲಿಲ್ಲ, ತಲೆಸುತ್ತು ಮಾತ್ರ ಹೆಚ್ಚು ತಂದಿತು ಎಂದು 2017ರಲ್ಲಿ ಪ್ರಕಟವಾದ ನಿಯಂತ್ರಿತ ಪ್ರಯೋಗವೊಂದು ತೋರಿಸಿದೆ. ಹಾಗಾಗಿ ಅವರು ಬಿಟ್ಟದ್ದರಿಂದ ನಷ್ಟವೇನೂ ಆಗಲಿಲ್ಲ. ಎರಡು ತಿಂಗಳು ಫಿಸಿಯೊಥೆರಪಿ ನಡೆದಿತ್ತು. ನರಬೇರಿನ (ಬೆನ್ನುಮೂಳೆಯಿಂದ ಹೊರಡುವಲ್ಲಿ ನರದ ಬುಡದ) ಸುತ್ತ ಕೊಟ್ಟ ಸ್ಟಿರಾಯ್ಡ್ ಚುಚ್ಚುಮದ್ದು ಮೂರು ವಾರ ಚೆನ್ನಾಗಿಯೇ ಕೆಲಸ ಮಾಡಿ ನಿಂತುಹೋಗಿತ್ತು. ಆ ಮೂರು ವಾರಗಳ ಉಪಶಮನ ವ್ಯರ್ಥವಲ್ಲ: ಚುಚ್ಚುಮದ್ದು ಬಿದ್ದ ನರಬೇರೇ ನೋವಿನ ಮೂಲ ಎಂಬುದಕ್ಕೆ ಅದೂ ಒಂದು ಸಾಕ್ಷಿ.

ಪರೀಕ್ಷೆ, ಆಮೇಲೆ ಸ್ಕ್ಯಾನ್

ಎಂಆರ್‌ಐ ಚಿತ್ರಗಳ ಲಕೋಟೆಯನ್ನು ಅವರು ಕುಳಿತ ಕೂಡಲೇ ಮುಂದೆ ಚಾಚಿದರು. ಅದನ್ನು ಬದಿಗಿಟ್ಟು ಮೊದಲು ಅವರನ್ನೇ ಪರೀಕ್ಷಿಸಲಾಯಿತು. ಇದು ಶಿಷ್ಟಾಚಾರದ ಮಾತಲ್ಲ. ಚಿತ್ರವನ್ನು ಮೊದಲು ನೋಡಿದ ವೈದ್ಯನ ಕೈ ಅದಕ್ಕೆ ಹೊಂದುವ ಲಕ್ಷಣಗಳನ್ನೇ ಹುಡುಕಲು ತೊಡಗುತ್ತದೆ.

ಅಂಗಾತ ಮಲಗಿಸಿ ಎಡಗಾಲನ್ನು ಮೊಣಕಾಲು ಮಡಚದಂತೆ ಎತ್ತಿದಾಗ ಸುಮಾರು 35 ಡಿಗ್ರಿಗೆ ಮೊಣಕಾಲಿನ ಕೆಳಗಿನ ಅದೇ ಸುಡುವ ನೋವು ಮರುಕಳಿಸಿತು. ಬಲಗಾಲನ್ನು ಎತ್ತಿದಾಗಲೂ ನೋವು ಕಾಣಿಸಿದ್ದು ಎಡಗಾಲಿನಲ್ಲಿ. ಈ ಎರಡನೆಯ ಲಕ್ಷಣ ಎಲ್ಲರಲ್ಲೂ ಕಾಣುವುದಿಲ್ಲ, ಆದರೆ ಕಂಡರೆ ಡಿಸ್ಕ್, ಎಂದರೆ ಬೆನ್ನಿನ ಮೂಳೆಗಳ ನಡುವಿನ ಮೆತ್ತೆ, ನರಬೇರನ್ನು ಒತ್ತುತ್ತಿದೆ ಎಂಬುದಕ್ಕೆ ಬಲವಾದ ಸೂಚನೆ. ಎಡ ಹೆಬ್ಬೆರಳನ್ನು ಮೇಲಕ್ಕೆತ್ತುವ ಬಲ ಐದರಲ್ಲಿ ನಾಲ್ಕರಷ್ಟಿತ್ತು. ಪಾದದ ಮೇಲ್ಭಾಗದಲ್ಲೂ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿನಲ್ಲೂ ಹತ್ತಿಯ ಸ್ಪರ್ಶ ಮಸುಕಾಗಿ ತಿಳಿಯುತ್ತಿತ್ತು. ಮೊಣಕಾಲು ಮತ್ತು ಹಿಮ್ಮಡಿಯ ಪ್ರತಿವರ್ತನೆಗಳು ಸಹಜವಾಗಿದ್ದವು. ಮೂತ್ರ ಕಟ್ಟುವುದು, ಹತೋಟಿ ತಪ್ಪುವುದು, ಗುದದ್ವಾರದ ಸುತ್ತ ಮರಗಟ್ಟುವುದು, ಎರಡೂ ಕಾಲು ಸೋಲುವುದು ಇವುಗಳ ಬಗ್ಗೆ ನೇರವಾಗಿ, ಮುಜುಗರಕ್ಕೆ ಎಡೆಯಿಲ್ಲದಂತೆ ಕೇಳಿ ಇಲ್ಲವೆಂದು ಖಚಿತಪಡಿಸಿಕೊಳ್ಳಲಾಯಿತು. ಬೆನ್ನುಹುರಿಯ ಕೆಳಗಿನ ನರಗುಚ್ಛ ಒಟ್ಟಾಗಿ ಒತ್ತಡಕ್ಕೆ ಸಿಕ್ಕಿದಾಗ ಕಾಣುವ ಈ ಲಕ್ಷಣಗಳು ತುರ್ತು ಶಸ್ತ್ರಚಿಕಿತ್ಸೆಯನ್ನು ಬೇಡುತ್ತವೆ, ಅಲ್ಲಿ ವಾರಗಟ್ಟಲೆ ಕಾಯುವ ಪ್ರಶ್ನೆಯೇ ಇಲ್ಲ.

ಇಷ್ಟನ್ನೂ ಕೂಡಿಸಿದರೆ ಬೆರಳು ತೋರುವುದು ಎಡಗಡೆಯ ಎಲ್5 ನರಬೇರಿನ ಕಡೆಗೆ. ಸೊಂಟದ ಐದು ಕಶೇರುಗಳನ್ನು, ಎಂದರೆ ಬೆನ್ನುಮೂಳೆಯ ಬಿಡಿ ಮೂಳೆಗಳನ್ನು, ಮೇಲಿನಿಂದ ಕೆಳಕ್ಕೆ ಎಲ್1ರಿಂದ ಎಲ್5 ಎಂದು ಎಣಿಸುತ್ತಾರೆ; ಅವುಗಳ ಕೆಳಗಿನದು ಎಸ್1. ನರಬೇರುಗಳಿಗೂ ಇದೇ ಹೆಸರುಗಳು. ಸೊಂಟದ ಭಾಗದಲ್ಲಿ ಡಿಸ್ಕ್ ಹಿಂಬದಿಗೆ, ನಡುವಿನಿಂದ ತುಸು ಪಕ್ಕಕ್ಕೆ ಚಾಚಿದಾಗ ಒತ್ತಡಕ್ಕೆ ಸಿಗುವುದು ಸಾಮಾನ್ಯವಾಗಿ ಅದೇ ಮಟ್ಟದಲ್ಲಿ ಹೊರಹೋಗುವ ನರವಲ್ಲ, ಮುಂದಿನ ಮಟ್ಟಕ್ಕೆ ಇಳಿಯುತ್ತಿರುವ ನರ. ಆದ್ದರಿಂದ ಎಲ್5 ನರಬೇರಿಗೆ ತೊಂದರೆ ಕೊಡುವುದು ಹೆಚ್ಚಾಗಿ ಎಲ್4 ಮತ್ತು ಎಲ್5 ಕಶೇರುಗಳ ನಡುವಿನ ಡಿಸ್ಕ್. ಲಕೋಟೆ ತೆರೆದಾಗ ಕಂಡದ್ದೂ ಅದೇ: ಎಲ್4-ಎಲ್5 ಡಿಸ್ಕಿನ ಹೊರ ಉಂಗುರ ಎಡಗಡೆ ಹರಿದು, ಒಳಗಿನ ಮೆದು ಭಾಗದ ತುಣುಕೊಂದು ಹೊರಬಂದು ಸ್ವಲ್ಪ ಕೆಳಕ್ಕೆ ಜಾರಿ, ಎಲ್5 ನರಬೇರನ್ನು ಮೂಳೆಯ ಗೋಡೆಗೆ ಒತ್ತಿ ಹಿಡಿದಿತ್ತು.

ಆದರೆ ವರದಿಯಲ್ಲಿ ಇದೊಂದೇ ಇರಲಿಲ್ಲ. ಎಲ್3-ಎಲ್4ರಲ್ಲಿ ಉಬ್ಬು, ಎಲ್5-ಎಸ್1ರಲ್ಲಿ ನೀರಿನಂಶ ಕಳೆದುಕೊಂಡು ಕಪ್ಪಾದ ಡಿಸ್ಕ್, ಹಿಂಬದಿಯ ಸಣ್ಣ ಕೀಲುಗಳಲ್ಲಿ ಸವೆತ ಎಂದೆಲ್ಲ ಸಾಲುಸಾಲಾಗಿ ಬರೆದಿತ್ತು. ಅದನ್ನು ಓದಿ ಅವರು ಗಾಬರಿಯಾಗಿದ್ದರು. "ಮೂರು ಡಿಸ್ಕ್ ಹೋಗಿವೆಯಂತಲ್ಲ ಡಾಕ್ಟ್ರೇ, ಬೆನ್ನು ಪೂರ್ತಿ ಸವೆದುಹೋಗಿದೆ ಅಂದ ಹಾಗಾಯಿತಲ್ಲ" ಎಂಬುದು ಅವರ ಮಾತು. ಇಲ್ಲಿ ಒಂದು ಹಳೆಯ ಅಧ್ಯಯನವನ್ನು ನೆನೆಯಲೇಬೇಕು. ಬೆನ್ನು ನೋವೇ ಇಲ್ಲದ 98 ಮಂದಿಯ ಎಂಆರ್‌ಐ ಮಾಡಿ 1994ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಶೇ 52ರಷ್ಟು ಜನರಿಗೆ ಕನಿಷ್ಠ ಒಂದು ಮಟ್ಟದಲ್ಲಿ ಡಿಸ್ಕ್ ಉಬ್ಬಿತ್ತು. ಆದರೆ ಉಂಗುರ ದಾಟಿ ತುಣುಕು ಪೂರ್ತಿ ಹೊರಬಿದ್ದದ್ದು ಕೇವಲ ಶೇ 1ರಷ್ಟು ಜನರಲ್ಲಿ. ಅಂದರೆ ವರದಿಯಲ್ಲಿದ್ದ ಉಬ್ಬು, ಸವೆತಗಳಲ್ಲಿ ಬಹುಪಾಲು ಅವರ ವಯಸ್ಸಿನ ನೋವಿಲ್ಲದವರಲ್ಲೂ ಕಾಣುವಂಥವು, ಹೊರಬಿದ್ದ ತುಣುಕು ಮಾತ್ರ ಹಾಗಲ್ಲ. ಈ ವ್ಯತ್ಯಾಸವನ್ನು ವರದಿಯ ಭಾಷೆ ಹೇಳುವುದಿಲ್ಲ; ಎಲ್ಲವನ್ನೂ ಒಂದೇ ದನಿಯಲ್ಲಿ ಪಟ್ಟಿ ಮಾಡುತ್ತದೆ. ಬೆನ್ನು ನೋವಿನ ರೋಗಿಗಳ ಭಯದ ದೊಡ್ಡ ಪಾಲು ಈ ಪಟ್ಟಿಗಳಿಂದಲೇ ಹುಟ್ಟುತ್ತದೆ ಎಂದು ನನಗೆ ಪದೇ ಪದೇ ಅನ್ನಿಸಿದೆ.

ಮುಂದಕ್ಕೂ ಹಿಂದಕ್ಕೂ ಬಾಗಿಸಿ ತೆಗೆದ ಎಕ್ಸ್‌ರೇಗಳಲ್ಲಿ ಕಶೇರುಗಳು ಒಂದರ ಮೇಲೊಂದು ಜಾರುತ್ತಿರಲಿಲ್ಲ. ಇದಕ್ಕೆ ಮಹತ್ವವಿತ್ತು, ಏಕೆಂದರೆ ಈ ಹಿಂದೆ ಬೇರೊಂದು ಕಡೆ ಅವರಿಗೆ ಸ್ಕ್ರೂ ಮತ್ತು ಸಲಾಕೆ ಹಾಕಿ ಎರಡು ಮಟ್ಟಗಳನ್ನು ಬೆಸೆಯುವ ಸಲಹೆ ಸಿಕ್ಕಿತ್ತು, ಅದೂ ಕಿರುಛೇದನದಿಂದಲೇ. ಚಿಕ್ಕ ಗಾಯದಿಂದ ಮಾಡಿದರೂ ಬೆಸುಗೆ ಬೆಸುಗೆಯೇ: ಚಲಿಸುವ ಕೀಲೊಂದನ್ನು ಶಾಶ್ವತವಾಗಿ ನಿಲ್ಲಿಸುವ ಕೆಲಸ. ಕಶೇರುಗಳು ಸ್ಥಿರವಾಗಿರುವಾಗ, ಮೊದಲ ಬಾರಿ ಡಿಸ್ಕ್ ಜಾರಿದಾಗ ಅದರ ಅಗತ್ಯವಿಲ್ಲ.

ತೀರ್ಮಾನಕ್ಕೆ ಬಂದ ಬಗೆ

ಅವರ ಕೈಗೆ ಮನುಷ್ಯದೇಹದ ರೇಖಾಚಿತ್ರವೊಂದನ್ನೂ ಎರಡು ಬಣ್ಣದ ಪೆನ್ನುಗಳನ್ನೂ ಕೊಟ್ಟು, ಸೊಂಟದ ನೋವಿಗೆ ಒಂದು, ಕಾಲಿನ ನೋವಿಗೆ ಇನ್ನೊಂದು ಬಳಸಿ ಗುರುತು ಹಾಕಲು ಹೇಳಲಾಯಿತು. ಸೊಂಟದ ನೋವಿಗೆ ಹತ್ತರಲ್ಲಿ 5, ಕಾಲಿನ ನೋವಿಗೆ 8 ಎಂದು ಅವರೇ ಅಂಕ ಬರೆದರು. ದಿನನಿತ್ಯದ ಚಟುವಟಿಕೆಗಳಲ್ಲಿ ಬೆನ್ನು ಎಷ್ಟು ಅಡ್ಡಿಯಾಗುತ್ತಿದೆ ಎಂಬುದನ್ನು ನೂರಕ್ಕೆ ಅಳೆಯುವ ಆಸ್ವೆಸ್ಟ್ರಿ ಸೂಚ್ಯಂಕ 52 ಬಂತು. 41ರಿಂದ 60ರವರೆಗಿನದು ತೀವ್ರ ಅಸಾಮರ್ಥ್ಯದ ವರ್ಗ. ಅಂಕಿಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಆಮೇಲೆ ಕೇಳಿದ ಒಂದು ಪ್ರಶ್ನೆ: "ಆಪರೇಷನ್ ಆದ ಮೇಲೆ ಕಾಲಿನ ನೋವು ಹೋಗಿ, ಸೊಂಟದ ನೋವು ಈಗಿರುವಷ್ಟೇ ಉಳಿದರೆ ನಿಮಗೆ ಒಪ್ಪಿಗೆಯೇ?"

ಅವರು ಬಹಳ ಹೊತ್ತು ಯೋಚಿಸಿದರು. "ಸೊಂಟದ್ದನ್ನ ಇಷ್ಟು ವರ್ಷ ಹೇಗೋ ಸುಧಾರಿಸಿಕೊಂಡು ಬಂದಿದ್ದೇನೆ. ಕಾಲಿಂದು ಹೋದರೆ ಸಾಕು" ಎಂದರು. ನರದ ಮೇಲಿನ ಒತ್ತಡ ತೆಗೆಯುವ ಶಸ್ತ್ರಚಿಕಿತ್ಸೆ ಗುಣಪಡಿಸುವುದು ಮುಖ್ಯವಾಗಿ ಕಾಲಿಗೆ ಇಳಿಯುವ ನೋವನ್ನು. ಸವೆದ ಡಿಸ್ಕಿನಿಂದಲೋ ಕೀಲಿನಿಂದಲೋ ಸ್ನಾಯುವಿನಿಂದಲೋ ಬರುವ ಸೊಂಟನೋವು ಅದರಿಂದ ಕೆಲವರಲ್ಲಿ ತಗ್ಗುತ್ತದೆ, ಕೆಲವರಲ್ಲಿ ಇಲ್ಲ. ಅದನ್ನು ಗುರಿಯಾಗಿ ಮುಂದಿಟ್ಟು ಚಾಕು ಹಿಡಿಯುವುದು ಸರಿಯಲ್ಲ. ಒಂದು ವೇಳೆ ಅವರ ಉತ್ತರ ತಿರುವುಮುರುವಾಗಿದ್ದು, ಸೊಂಟದ ನೋವೇ ಮುಖ್ಯ ಸಂಕಟ ಎಂದಿದ್ದರೆ, ಅದೇ ಎಂಆರ್‌ಐ ಕೈಯಲ್ಲಿದ್ದರೂ ನಾವು ಶಸ್ತ್ರಚಿಕಿತ್ಸೆಯ ಕಡೆಗೆ ವಾಲುತ್ತಿರಲಿಲ್ಲ.

ಕಾಯುವುದಕ್ಕೂ ಆಧಾರವಿತ್ತು, ಮುಂದುವರಿಯುವುದಕ್ಕೂ ಆಧಾರವಿತ್ತು. ಹೊರಬಿದ್ದ ಡಿಸ್ಕ್ ತುಣುಕನ್ನು ದೇಹವೇ ನಿಧಾನವಾಗಿ ಕರಗಿಸಿಕೊಳ್ಳುವುದು ಸಾಮಾನ್ಯ. ಸಯಾಟಿಕಾ ಬಂದವರಲ್ಲಿ ಹೆಚ್ಚಿನವರು ಆರರಿಂದ ಹನ್ನೆರಡು ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ಚೇತರಿಸಿಕೊಳ್ಳುತ್ತಾರೆ. ನೆದರ್ಲೆಂಡ್ಸ್‌ನಲ್ಲಿ 283 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೇಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಗುಂಪು ಬೇಗ ಚೇತರಿಸಿಕೊಂಡಿತು, ಆದರೆ ವರ್ಷದ ಕೊನೆಗೆ ಎರಡೂ ಗುಂಪುಗಳಲ್ಲಿ ಸುಮಾರು ಶೇ 95 ಮಂದಿ ಗುಣವಾಗಿದ್ದೇವೆ ಎಂದರು. ಕಾಯುವ ಗುಂಪಿನಲ್ಲಿದ್ದ ಶೇ 39 ಮಂದಿ ನಡುವೆ ಶಸ್ತ್ರಚಿಕಿತ್ಸೆಗೆ ಹೋಗಿದ್ದರು ಎಂಬುದನ್ನೂ ಇದರ ಜೊತೆಗೇ ಓದಬೇಕು. ಆ ರೋಗಿಗಳ ನೋವು ಆರರಿಂದ ಹನ್ನೆರಡು ವಾರ ಹಳೆಯದು; ನಮ್ಮ ರೋಗಿಯದು ಐದು ತಿಂಗಳು ದಾಟಿತ್ತು. ಅವರ ಸ್ಥಿತಿಗೆ ಹೆಚ್ಚು ಹತ್ತಿರವಾದದ್ದು ಕೆನಡಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗ. ನಾಲ್ಕರಿಂದ ಹನ್ನೆರಡು ತಿಂಗಳು ಸಯಾಟಿಕಾ ಅನುಭವಿಸಿದ 128 ರೋಗಿಗಳಲ್ಲಿ, ಆರು ತಿಂಗಳ ನಂತರ ಕಾಲುನೋವಿನ ಸರಾಸರಿ ಅಂಕ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 2.8, ಔಷಧ-ವ್ಯಾಯಾಮಗಳ ಗುಂಪಿನಲ್ಲಿ 5.2 ಇತ್ತು. ಹಳೆಯದಾದ ಸಯಾಟಿಕಾ ತಾನಾಗಿ ಬಿಟ್ಟುಹೋಗುವ ಸಂಭವ ಕಡಿಮೆಯಾಗುತ್ತ ಬರುತ್ತದೆ ಎಂಬುದು ಇದರಿಂದ ಹೊರಡುವ ಅರ್ಥ.

ಇಷ್ಟಾದರೂ ನಿರ್ಧಾರವನ್ನು ಅವರಿಗೇ ಬಿಟ್ಟು, ಎರಡು ವಾರದ ನಂತರ ಬರಲು ಹೇಳಲಾಯಿತು. ಮರಳಿ ಬಂದಾಗ ಹೆಬ್ಬೆರಳಿನ ಬಲ ನಾಲ್ಕರಿಂದ ಮೂರಕ್ಕೆ ಇಳಿದಿತ್ತು: ಬೆರಳನ್ನು ಮೇಲೆತ್ತಬಲ್ಲರು, ಆದರೆ ಒಂದು ಬೆರಳಿನಿಂದ ತುಸು ಅದುಮಿದರೂ ಅದು ಕೆಳಗೆ ಬೀಳುತ್ತಿತ್ತು. ನೋವು ಇದ್ದಷ್ಟೇ ಇತ್ತು. ನೋವಿಗಾಗಿ ಕಾಯಬಹುದು, ಕ್ಷೀಣಿಸುತ್ತಿರುವ ಬಲವನ್ನು ನೋಡಿಕೊಂಡು ಕಾಯುವುದು ನರದ ಚೇತರಿಕೆಯನ್ನೇ ಪಣಕ್ಕಿಟ್ಟಂತೆ. ಅಲ್ಲಿಗೆ ಅವರ ಮತ್ತು ನಮ್ಮ ತೀರ್ಮಾನ ಒಂದೇ ಆಯಿತು.

ಅವರನ್ನು ಕೊನೆಯವರೆಗೂ ಕಾಡಿದ ಭಯವೆಂದರೆ, ಬೆನ್ನಿನ ಆಪರೇಷನ್ ಮಾಡಿಸಿದರೆ ಕಾಲು ಸ್ವಾಧೀನ ತಪ್ಪುತ್ತದೆ ಎಂಬುದು. ಇದಕ್ಕೆ ಕೊಟ್ಟ ಉತ್ತರ ಅಂಗರಚನೆಯದು. ಬೆನ್ನುಹುರಿ ವಯಸ್ಕರಲ್ಲಿ ಎಲ್1-ಎಲ್2 ಕಶೇರುಗಳ ಸುಮಾರಿಗೆ ಮುಗಿಯುತ್ತದೆ, ಎಲ್4-ಎಲ್5ರ ಬಳಿ ಇರುವುದು ಬಿಡಿಬಿಡಿಯಾದ ನರಬೇರುಗಳು. ನರಬೇರಿಗೆ ಪೆಟ್ಟಾಗುವ ಅಪಾಯ ಸಣ್ಣದಾದರೂ ಇದ್ದೇ ಇದೆ, ಆದರೆ ಅವರು ಊಹಿಸಿಕೊಂಡಿದ್ದ ಬಗೆಯದಲ್ಲ. ನರಗಳನ್ನು ಸುತ್ತುವರಿದ ಡ್ಯೂರಾ ಪೊರೆ ಹರಿದು ದ್ರವ ಸೋರುವುದು, ಸೋಂಕು, ಅದೇ ಜಾಗದಲ್ಲಿ ಮತ್ತೆ ಡಿಸ್ಕ್ ಜಾರುವುದು ಇವುಗಳನ್ನೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮೊದಲು ವಿವರಿಸಲಾಯಿತು. ಮತ್ತೆ ಜಾರುವ ಸಂಭವ ನೂರರಲ್ಲಿ ಐದರಿಂದ ಹದಿನೈದರಷ್ಟು ಎಂದು ಹೇಳಿದಾಗ ಅವರ ಮುಖ ಬಾಡಿತು. ಹೇಳದೆ ಬಿಟ್ಟಿದ್ದರೆ ಅಂದು ಸುಲಭವಾಗುತ್ತಿತ್ತು. ಮುಂದೆ ಕಾಲು ಜೋಮು ಹಿಡಿದ ಮೊದಲ ದಿನವೇ ನಂಬಿಕೆ ಕುಸಿಯುತ್ತಿತ್ತು.

ಶಸ್ತ್ರಚಿಕಿತ್ಸೆ

ಡಿಸ್ಕ್ ಜಾರುವುದೇ ಸಯಾಟಿಕಾಕ್ಕೆ ಕಾರಣ, ಅದನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು ಎಂದು ಶಸ್ತ್ರವೈದ್ಯರಾದ ಮಿಕ್ಸ್‌ಟರ್ ಮತ್ತು ಬಾರ್ 1934ರಲ್ಲಿ ನಿರೂಪಿಸಿದಾಗ, ಅಲ್ಲಿಗೆ ತಲುಪಲು ಬೆನ್ನಿನ ಸ್ನಾಯುಗಳನ್ನು ಅಗಲವಾಗಿ ಬಿಡಿಸಿ ಮೂಳೆಯ ದೊಡ್ಡ ಭಾಗ ತೆಗೆಯಬೇಕಾಗುತ್ತಿತ್ತು. 1977ರಲ್ಲಿ ಯಶಾರ್ಗಿಲ್ ಮತ್ತು ಕಾಸ್ಪರ್ ಸೂಕ್ಷ್ಮದರ್ಶಕದ ಬಳಕೆಯನ್ನು ವರದಿ ಮಾಡಿದ ಮೇಲೆ ಗಾಯ ಕಿರಿದಾಯಿತು. 1997ರಲ್ಲಿ ಫೋಲಿ ಮತ್ತು ಸ್ಮಿತ್ ಕೊಳವೆಯ ಮೂಲಕ ಡಿಸ್ಕ್ ತೆಗೆಯುವ ವಿಧಾನ ಪರಿಚಯಿಸಿದರು. ಈ ರೋಗಿಗೆ ಆಯ್ದುಕೊಂಡದ್ದು ಕೊಳವೆ ಮತ್ತು ಸೂಕ್ಷ್ಮದರ್ಶಕವನ್ನು ಜೊತೆಗೂಡಿಸಿದ ಕ್ರಮ.

ಪೂರ್ಣ ಅರಿವಳಿಕೆಯಲ್ಲಿ ಅವರನ್ನು ಬೋರಲಾಗಿ, ಹೊಟ್ಟೆ ಎಲ್ಲಿಯೂ ಒತ್ತದಂತೆ ಚೌಕಟ್ಟಿನ ಮೇಲೆ ಮಲಗಿಸಲಾಯಿತು. ಹೊಟ್ಟೆ ಒತ್ತಿದರೆ ಬೆನ್ನುಮೂಳೆಯೊಳಗಿನ ರಕ್ತನಾಳಗಳು ಉಬ್ಬಿಕೊಳ್ಳುತ್ತವೆ, ಆ ಕಿರಿದಾದ ಜಾಗದಲ್ಲಿ ಸಣ್ಣ ರಕ್ತಸ್ರಾವವೂ ಕಣ್ಣಿಗೆ ಪರದೆ ಹಾಕುತ್ತದೆ. ಚರ್ಮಕ್ಕೆ ಚಾಕು ತಾಗುವ ಮೊದಲು ಸಿ-ಆರ್ಮ್ ಎಕ್ಸ್‌ರೇಯಲ್ಲಿ ಕೆಳಗಿನಿಂದ ಕಶೇರುಗಳನ್ನು ಎಣಿಸಿ ಮಟ್ಟವನ್ನು ಖಚಿತಪಡಿಸಿಕೊಳ್ಳಲಾಯಿತು, ಕೊಳವೆ ಕೂತ ಮೇಲೆ ಮತ್ತೊಮ್ಮೆ ಎಣಿಸಲಾಯಿತು. ಗಾಯ ಚಿಕ್ಕದಾದಷ್ಟೂ ಸುತ್ತಲಿನ ಗುರುತುಗಳು ಕಾಣುವುದು ಕಡಿಮೆ, ತಪ್ಪು ಮಟ್ಟಕ್ಕೆ ಇಳಿಯುವ ಅಪಾಯ ಹೆಚ್ಚು.

ಬೆನ್ನಿನ ನಡುಗೆರೆಯಿಂದ ಒಂದೂವರೆ ಸೆಂಟಿಮೀಟರ್ ಎಡಕ್ಕೆ, ಸುಮಾರು ಎರಡು ಸೆಂಟಿಮೀಟರ್ ಉದ್ದದ ಛೇದನ ಮಾಡಲಾಯಿತು. ತೆಳುವಾದ ಮೊದಲ ಕೊಳವೆಯನ್ನು ಸ್ನಾಯುವಿನ ಎಳೆಗಳ ನಡುವೆ ಇಳಿಸಿ, ಅದರ ಮೇಲೆ ಸ್ವಲ್ಪ ದಪ್ಪನೆಯದು, ಅದರ ಮೇಲೆ ಇನ್ನೂ ದಪ್ಪನೆಯದು ಎಂದು ಒಂದೊಂದಾಗಿ ಜಾರಿಸುತ್ತ ಹೋಗಿ, ಕೊನೆಗೆ 18 ಮಿಲಿಮೀಟರ್ ವ್ಯಾಸದ ಕೊಳವೆಯನ್ನು ನಿಲ್ಲಿಸಿ ಒಳಗಿನವನ್ನು ಹೊರತೆಗೆಯಲಾಯಿತು. ಈ ಕ್ರಮದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಬೆನ್ನುಮೂಳೆಗೆ ಅಂಟಿಕೊಂಡಿರುವ ಮಲ್ಟಿಫಿಡಸ್ ಸ್ನಾಯುವನ್ನು ಮೂಳೆಯಿಂದ ಎಬ್ಬಿಸದೆ, ಎಳೆಗಳನ್ನು ಪಕ್ಕಕ್ಕೆ ಸರಿಸಿ ದಾರಿ ಮಾಡಿಕೊಳ್ಳುವುದರಿಂದ ಅದರ ರಕ್ತಪೂರೈಕೆಗೂ ನರಪೂರೈಕೆಗೂ ಹಾನಿ ಕಡಿಮೆ.

ಕೊಳವೆಯ ತಳದಲ್ಲಿ ಕಾಣುವುದು ನಾಣ್ಯದಗಲದ ಜಾಗವಷ್ಟೇ. ಅಲ್ಲಿ ಎಲ್4 ಕಶೇರುವಿನ ಹಿಂಬದಿಯ ಮೂಳೆಯ ಅಂಚನ್ನು ಸಣ್ಣ ಡ್ರಿಲ್ಲಿನಿಂದ ಸವೆಸಿ, ಅದರಡಿಯ ಹಳದಿ ಅಸ್ಥಿರಜ್ಜುವನ್ನು ಬಿಡಿಸಿದಾಗ ನರಬೇರು ಕಣ್ಣಿಗೆ ಬಿತ್ತು. ಸಹಜವಾಗಿ ದುಂಡಗೆ, ಮಾಸಲು ಬಿಳುಪಾಗಿ ಇರಬೇಕಾದ ನರ ಚಪ್ಪಟೆಯಾಗಿ, ಕೆಂಪೇರಿ, ಬಿಗಿಯಾಗಿ ಎಳೆದಿಟ್ಟಂತಿತ್ತು. ಕೊಕ್ಕೆಯಿಂದ ಮೃದುವಾಗಿ ಮುಟ್ಟಿದರೆ ಪಕ್ಕಕ್ಕೆ ಸರಿಯುತ್ತಿರಲಿಲ್ಲ. ಸರಿಯದ ನರವನ್ನು ಬಲವಂತವಾಗಿ ಸರಿಸಬಾರದು. ಹೊರಬದಿಯ ಮೂಳೆಯನ್ನು ಇನ್ನೂ ಸ್ವಲ್ಪ ತೆಗೆದು, ನರದ ಪಕ್ಕದಿಂದ ತಾಳ್ಮೆಯಿಂದ ಬಿಡಿಸುತ್ತ ಹೋದಾಗ ಅದರ ಕಂಕುಳಿನಂಥ ಜಾಗದಲ್ಲಿ ಅಡಗಿದ್ದ ತುಣುಕು ಕಂಡಿತು. ಚಿಮಟದಲ್ಲಿ ಹಿಡಿದು ನಿಧಾನವಾಗಿ ಎಳೆದಾಗ ಹೆಚ್ಚಿನಂಶ ಒಂದೇ ತುಂಡಾಗಿ ಬಂತು. ಮರುಗಳಿಗೆಯಲ್ಲೇ ನರ ಸಡಿಲಗೊಂಡು, ಡ್ಯೂರಾದ ಜೊತೆಗೆ ನಾಡಿಯ ಲಯದಲ್ಲಿ ಅಲುಗತೊಡಗಿತು. ಉಂಗುರದ ಬಿರುಕಿನಲ್ಲಿ ಸಡಿಲವಾಗಿದ್ದ ಚೂರುಗಳನ್ನು ಮಾತ್ರ ತೆಗೆದು, ಡಿಸ್ಕಿನ ಉಳಿದ ಭಾಗವನ್ನು ಮುಟ್ಟದೆ ಬಿಡಲಾಯಿತು. ಹೆಚ್ಚು ಕೆರೆದು ತೆಗೆದರೆ ಮರುಕಳಿಸುವುದು ತುಸು ಕಡಿಮೆಯಾಗಬಹುದು, ಆದರೆ ಡಿಸ್ಕಿನ ಎತ್ತರ ಕುಸಿದು ಸೊಂಟನೋವು ಹೆಚ್ಚುವ ಸಾಧ್ಯತೆಯಿದೆ. ಸೊಂಟನೋವು ಮೊದಲೇ ಇದ್ದ ಈ ರೋಗಿಯಲ್ಲಿ ಆ ಬೆಲೆ ತೆರುವುದು ಬೇಡವೆನಿಸಿತು. ಒಟ್ಟು ಒಂದು ಗಂಟೆಯ ಸುಮಾರಿಗೆ ಕೆಲಸ ಮುಗಿಯಿತು. ಪೊರೆ ಹರಿಯಲಿಲ್ಲ, ಲೆಕ್ಕಕ್ಕೆ ಬರುವಷ್ಟು ರಕ್ತಸ್ರಾವವೂ ಆಗಲಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕೊಳವೆಯ ವಿಧಾನವನ್ನೂ ಸೂಕ್ಷ್ಮದರ್ಶಕದ ರೂಢಿಯ ವಿಧಾನವನ್ನೂ 328 ರೋಗಿಗಳಲ್ಲಿ ಹೋಲಿಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೊಳವೆಯ ಗುಂಪಿಗೆ ಹೆಚ್ಚಿನ ಲಾಭವೇನೂ ಸಿಗಲಿಲ್ಲ. ವರ್ಷದ ಕೊನೆಗೆ ಕಾಲು ಮತ್ತು ಬೆನ್ನಿನ ನೋವಿನ ಅಂಕಗಳು ಆ ಗುಂಪಿನಲ್ಲಿ ಸ್ವಲ್ಪ ಹೆಚ್ಚೇ ಇದ್ದವು. ಎಂಟು ಮಿಲಿಮೀಟರಿನಷ್ಟು ಗಾಯದಿಂದ, ಕಶೇರುಗಳ ಪಕ್ಕದ ರಂಧ್ರದ ಮೂಲಕ ಒಳಹೋಗುವ ಪೂರ್ಣ ಎಂಡೋಸ್ಕೋಪಿ ವಿಧಾನ ಕಾಲುನೋವಿನ ವಿಷಯದಲ್ಲಿ ರೂಢಿಯ ವಿಧಾನಕ್ಕಿಂತ ಹಿಂದೆ ಬೀಳುವುದಿಲ್ಲ ಎಂದು 2022ರ ಇನ್ನೊಂದು ಪ್ರಯೋಗ ತೋರಿಸಿತು. ಹಾಗಿದ್ದರೂ ಈ ಪ್ರಕರಣದಲ್ಲಿ ಕೊಳವೆಯನ್ನು ಆರಿಸಿಕೊಂಡದ್ದು ಶಸ್ತ್ರವೈದ್ಯರ ಕೈ ಪಳಗಿದ್ದು ಅದರಲ್ಲಿ ಎಂಬ ಕಾರಣಕ್ಕೆ. ಕೆಳಕ್ಕೆ ಜಾರಿದ ತುಣುಕನ್ನು ಬಿಟ್ಟು ಬರದಿರುವುದು, ನರಕ್ಕೆ ಪೆಟ್ಟಾಗದಿರುವುದು ಗಾಯದ ಉದ್ದಕ್ಕಿಂತ ಹೆಚ್ಚು ಮುಖ್ಯ. ಅದಕ್ಕೆ ಬೇಕಾದ್ದು ಪಳಗಿದ ಕೈ. ಚಿಕ್ಕ ಗಾಯದಿಂದ ಮೊದಲ ದಿನಗಳ ನೋವು ಕಡಿಮೆ, ಆಸ್ಪತ್ರೆವಾಸ ಕಡಿಮೆ ಎಂಬ ಅನುಕೂಲಗಳು ನಿಜ. ಅವುಗಳನ್ನೇ ರೋಗ ಗುಣವಾಗುವ ಭರವಸೆಯಾಗಿ ಮಾರುವುದು ನೋವಿನಲ್ಲಿರುವ ಜನರಿಗೆ ಮಾಡುವ ಅನ್ಯಾಯ.

ನಂತರದ ವಾರಗಳು

ಅರಿವಳಿಕೆ ಇಳಿದು ಮಾತಾಡುವಂತಾದಾಗ ಅವರು ಮೊದಲು ಮಾಡಿದ್ದು ಎಡಗಾಲನ್ನು ಚಾಚಿ ನೋಡಿದ್ದು. ಸುಡುವ ನೋವು ಇರಲಿಲ್ಲ. ಸಂಜೆ ಆಸರೆ ಹಿಡಿದು ನಡೆದರು, ಮರುದಿನ ಮನೆಗೆ ಹೋದರು. ಕಾಲಿನ ನೋವಿಗೆ ಅಂದು ಕೊಟ್ಟ ಅಂಕ 1. ಪಾದದ ಮೇಲಿನ ಮರಗಟ್ಟುವಿಕೆ ಹಾಗೆಯೇ ಇತ್ತು, ಹೆಬ್ಬೆರಳಿನ ಬಲವೂ ಮೂರೇ ಇತ್ತು. ನೋವು ಒತ್ತಡ ಹೋದ ಕೂಡಲೇ ಹೋಗುತ್ತದೆ, ಆದರೆ ಬಲ ಮತ್ತು ಸ್ಪರ್ಶ ಮರಳಲು ನರದ ಎಳೆಗಳೇ ಚೇತರಿಸಿಕೊಳ್ಳಬೇಕು. ಹಾಳಾದ ಎಳೆ ಮತ್ತೆ ಬೆಳೆಯುವ ವೇಗ ದಿನಕ್ಕೆ ಒಂದು ಮಿಲಿಮೀಟರಿನ ಆಸುಪಾಸು.

ಮೂರನೆಯ ವಾರ ಅವರು ಫೋನ್ ಮಾಡಿದರು. ಎಡ ತೊಡೆಯಲ್ಲೂ ಮೀನಖಂಡದಲ್ಲೂ ಮತ್ತೆ ಜೋಮು, ನಡುನಡುವೆ ಸಣ್ಣ ಚುಚ್ಚು. ಡಿಸ್ಕ್ ಮತ್ತೆ ಜಾರಿತು ಎಂದೇ ಅವರು ನಂಬಿದ್ದರು. ಕರೆಸಿ ಪರೀಕ್ಷಿಸಿದಾಗ ಕಾಲನ್ನು 70 ಡಿಗ್ರಿಯವರೆಗೆ ಎತ್ತಿದರೂ ತೊಂದರೆಯಿರಲಿಲ್ಲ, ಬಲ ಕುಗ್ಗಿರಲಿಲ್ಲ, ಕೆಮ್ಮಿದರೆ ನೋವಿಲ್ಲ. ಹಿಂದಿನ ಮೂರು ದಿನ ಅವರು ಕುರ್ಚಿಯಲ್ಲಿ ಗಂಟೆಗಟ್ಟಲೆ ಕುಳಿತು ಕೆಲಸ ಮಾಡಿದ್ದರು. ಗಾಯ ಮಾಯುವ ಹಂತದಲ್ಲಿ ನರದ ಸುತ್ತ ಉರಿಯೂತ ಉಂಟಾಗಿ ಹೀಗಾಗುವುದು ಅಪರೂಪವಲ್ಲ. ಎಂಆರ್‌ಐ ಮಾಡಿಸಲಿಲ್ಲ, ಆ ಹಂತದಲ್ಲಿ ಗಾಯದ ಊತವೂ ಮಾಯುವ ಅಂಗಾಂಶವೂ ಡಿಸ್ಕಿನಂತೆಯೇ ಕಂಡು ಭಯ ಹೆಚ್ಚಿಸುವುದೇ ಹೆಚ್ಚು. ಕುಳಿತುಕೊಳ್ಳುವ ಅವಧಿಯನ್ನು ಅರ್ಧ ಗಂಟೆಗೆ ಇಳಿಸಿ, ದಿನಕ್ಕೆ ಹಲವು ಬಾರಿ ಸಣ್ಣ ನಡಿಗೆ ಮಾಡಲು ಹೇಳಿದ ಮೇಲೆ ಹತ್ತು ದಿನಗಳಲ್ಲಿ ಅದು ತಣ್ಣಗಾಯಿತು.

ಸೊಂಟದ ನೋವು ತನ್ನದೇ ದಾರಿ ಹಿಡಿಯಿತು. ಆರು ವಾರಗಳ ಹೊತ್ತಿಗೆ ಅದರ ಅಂಕ 4, ಎಂದರೆ ಮೊದಲಿಗಿಂತ ಹೆಚ್ಚೇನೂ ಇಳಿದಿರಲಿಲ್ಲ. ಕಾಲಿನ ನೋವು ಮರೆಯಾದದ್ದರಿಂದ ಹಳೆಯದು ಮುನ್ನೆಲೆಗೆ ಬಂದು, ಅವರಿಗೆ ಮೊದಲಿಗಿಂತ ಜಾಸ್ತಿಯಾದಂತೆಯೂ ಅನಿಸಿತ್ತು. ಈ ಹಂತದಲ್ಲಿ ಫಿಸಿಯೊಥೆರಪಿಸ್ಟ್ ಗಮನಿಸಿದ ಒಂದು ಸಂಗತಿ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ನೆಲದ ಮೇಲಿಟ್ಟ ಪುಸ್ತಕವೊಂದನ್ನು ಎತ್ತಲು ಹೇಳಿದಾಗ ಅವರು ಉಸಿರು ಬಿಗಿಹಿಡಿದು, ಬೆನ್ನನ್ನು ಹಲಗೆಯಂತೆ ನೆಟ್ಟಗಿಟ್ಟು, ಮೊಣಕಾಲು ಮಡಚಿ ಕುಕ್ಕರಿಸಿ, ಮೇಜಿನ ಕಾಲು ಹಿಡಿದು ಎದ್ದರು. ಬೆನ್ನು ಬಾಗಿದರೆ ಡಿಸ್ಕ್ ಜಾರುತ್ತದೆ ಎಂಬ ಎಚ್ಚರ ಐದು ತಿಂಗಳಲ್ಲಿ ಅವರ ಮೈಗೆ ಅಂಟಿಕೊಂಡಿತ್ತು. ದಿನವಿಡೀ ಹೀಗೆ ಬಿಗಿಹಿಡಿದ ಸ್ನಾಯುಗಳೇ ಸಂಜೆಗೆ ನೋಯುತ್ತಿದ್ದವು.

ಆದ್ದರಿಂದ ಅವರು ಕಟ್ಟಿಕೊಳ್ಳುತ್ತಿದ್ದ ಸೊಂಟದ ಬೆಲ್ಟನ್ನು ಬಿಡಿಸಿ, ನಡಿಗೆಯ ದೂರವನ್ನು ವಾರದಿಂದ ವಾರಕ್ಕೆ ಹೆಚ್ಚಿಸಿ, ಪಿರ್ರೆಯ ಮತ್ತು ಬೆನ್ನಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮಗಳ ಜೊತೆಗೆ ಬಾಗುವುದನ್ನೇ ಮತ್ತೆ ಕಲಿಸಲಾಯಿತು. ಮೊದಲು ಮೇಜಿನ ಎತ್ತರದ ವಸ್ತು, ಆಮೇಲೆ ಮೊಣಕಾಲಿನ ಎತ್ತರದ್ದು, ಕೊನೆಗೆ ನೆಲದ ಮೇಲಿನದು. ಮೊದಲು ಬರಿಗೈ, ನಂತರ ಒಂದು ಪುಸ್ತಕ, ನಂತರ ನಾಲ್ಕು. ದೀರ್ಘಕಾಲದ ಸೊಂಟನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಶಿಕ್ಷಣ, ವ್ಯಾಯಾಮ ಮತ್ತು ಮನೋವೈಜ್ಞಾನಿಕ ನೆರವುಗಳನ್ನೇ ಮುಂದಿಟ್ಟು, ಸೊಂಟಪಟ್ಟಿಗಳನ್ನು ವಾಡಿಕೆಯಾಗಿ ಬಳಸಬಾರದೆಂದು ಹೇಳುತ್ತದೆ. ಈ ಕೆಲಸ ನಿಧಾನವಾದದ್ದು, ನೋಡುವವರಿಗೆ ಚಮತ್ಕಾರವಿಲ್ಲದ್ದು. ಆದರೆ ಆರು ವರ್ಷದ ಸೊಂಟನೋವಿಗೆ ಈ ಪ್ರಕರಣದಲ್ಲಿ ಸಿಕ್ಕ ಉಪಶಮನ ಬಂದದ್ದು ಇದರಿಂದಲೇ ಹೊರತು ಕೊಳವೆಯ ಮೂಲಕ ಮಾಡಿದ ಕೆಲಸದಿಂದಲ್ಲ ಎಂದು ನಾನು ಭಾವಿಸುತ್ತೇನೆ.

ಐದನೆಯ ವಾರ ಅವರು ಅರ್ಧ ದಿನದ ಮಟ್ಟಿಗೆ ಗ್ರಂಥಾಲಯಕ್ಕೆ ಮರಳಿದ್ದರು, ಮೂರನೆಯ ತಿಂಗಳಿಂದ ಪೂರ್ಣಾವಧಿ. ಕೆಳಗಿನ ಕಪಾಟುಗಳ ಕೆಲಸವನ್ನು ಸಹೋದ್ಯೋಗಿಗಳಿಗೆ ಬಿಟ್ಟುಕೊಡುವ ಬದಲು, ಮೂರನೆಯ ತಿಂಗಳ ಕೊನೆಗೆ ಅದನ್ನೂ ತಾವೇ ವಹಿಸಿಕೊಂಡರು.

ಒಂದು ವರ್ಷದ ಹೊತ್ತಿಗೆ

ಹೆಬ್ಬೆರಳಿನ ಬಲ ಆರನೆಯ ವಾರಕ್ಕೆ ನಾಲ್ಕು, ಆರನೆಯ ತಿಂಗಳಿಗೆ ಐದು ತಲುಪಿತು. ವರ್ಷದ ಭೇಟಿಯಲ್ಲಿ ಕಾಲಿನ ನೋವು ಸೊನ್ನೆ, ಸೊಂಟದ ನೋವು ಹೆಚ್ಚಿನ ದಿನ 2, ಆಸ್ವೆಸ್ಟ್ರಿ ಸೂಚ್ಯಂಕ 14. ಎರಡು ಬಾರಿ ಸೊಂಟ ಹಿಡಿದು ಒಂದೊಂದು ವಾರ 6ರವರೆಗೆ ಏರಿತ್ತು. ಎರಡೂ ಸಲ ಅವರು ಮಲಗಿಬಿಡದೆ, ನಡಿಗೆ ಕಡಿಮೆ ಮಾಡಿಯೂ ನಿಲ್ಲಿಸದೆ, ತಾವೇ ಸುಧಾರಿಸಿಕೊಂಡಿದ್ದರು. ಹೆಬ್ಬೆರಳಿನ ಸಂದಿನಲ್ಲಿ ಬೆರಳಗಲದ ಜಾಗ ಈಗಲೂ ಮಂದವಾಗಿದೆ, ಬಹುಶಃ ಹಾಗೆಯೇ ಉಳಿಯುತ್ತದೆ. ಅದರಿಂದ ನಡಿಗೆಗೆ ತೊಂದರೆಯಿಲ್ಲ.

"ಸಮಾಧಾನವಾಗಿದೆಯೇ" ಎಂದು ಕೇಳಿದ್ದಕ್ಕೆ "ನೀವು ಕಾಲಿನದ್ದು ಅಂದಿದ್ದಿರಿ, ಕಾಲಿನದ್ದು ಹೋಗಿದೆ. ಸೊಂಟದ್ದು ನನ್ನ ಕೈಯಲ್ಲಿದೆ ಅಂತ ಗೊತ್ತಾಗಿದೆ" ಎಂದರು. ಲಕ್ಷಣಗಳಿಲ್ಲದ ಕಾರಣ ಎಂಆರ್‌ಐ ಮತ್ತೆ ಮಾಡಿಸಿಲ್ಲ, ಮಾಡಿಸುವ ಯೋಚನೆಯೂ ಇಲ್ಲ. ಮೊಣಕಾಲಿನ ಕೆಳಗೆ ಇಳಿಯುವ ನೋವು ಎರಡು ವಾರ ಮೀರಿ ಉಳಿದರೆ, ಪಾದ ಅಥವಾ ಬೆರಳಿನ ಬಲ ಕುಗ್ಗಿದರೆ ತಡಮಾಡದೆ ಬರಬೇಕು. ಮೂತ್ರ ಕಟ್ಟಿದರೆ ಇಲ್ಲವೆ ಕೂರುವ ಜಾಗ ಮರಗಟ್ಟಿದರೆ ಅದೇ ದಿನ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು ಎಂದು ಬರೆದುಕೊಟ್ಟು, ನಿಗದಿತ ಭೇಟಿಗಳನ್ನು ಅಲ್ಲಿಗೆ ಮುಗಿಸಲಾಯಿತು.